ಭಾವನ ಪಿತ್ತ

ಆಸ್ಪತ್ರೆಯ ಹಿಂಭಾಗದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತುತ್ತಿದ್ದಾಗ ಕಾವಲುಗಾರ ಕೈ ಅಡ್ಡ ಹಿಡಿದು, ‘ಡಾಕ್ಟರಾ ನೀವು?’ ಎಂದು ಕೇಳಿದ. ಹೌದು ಎಂದಿದ್ದರೆ ನೆರಳಿನಲ್ಲಿ ಸಾಲಾಗಿ ಖಾಲಿ ಬಿದ್ದಿದ್ದ ಜಾಗಗಳಲ್ಲಿ ಒಂದು ಅವಳದಾಗುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಆದರೂ ಬಾಯಿಂದ ಬಂದದ್ದು, ‘ಹೌದು, ಅಂದ್ರೆ, ಆ ಥರದ ಡಾಕ್ಟರ್ ಅಲ್ಲ.’ ‘ಮತ್ತೆ ಯಾವ ಥರದವರು?’ ಎಂದು ಅವನು ನಿಜವಾದ ಕುತೂಹಲದಿಂದಲೇ ಕೇಳಿದ. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಪಿತ್ತನಾಳದ ಕ್ಯಾನ್ಸರ್ ಮೊಳಕೆಯಲ್ಲಿರುವಾಗಲೇ ಅದರ ಸುಳಿವನ್ನು ಜೀನ್‌ಗಳಲ್ಲಿ ಹುಡುಕುವ ಥರದವಳು ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳುವುದು ಹೇಗೆ? ‘ಔಷಧಿ ಕೊಡಲ್ಲ,’ ಎಂದಳು. ‘ಹಾಗಾದ್ರೆ ಮುಂದಕ್ಕೆ ತಗೊಳ್ಳಿ,’ ಎಂದು ಅವನು ದಾರಿ ಬಿಟ್ಟ. ಮುಂದಕ್ಕೆ ಎಂದರೆ ಜನರೇಟರ್ ಪಕ್ಕ, ಕೆಂಡದಂಥ ಬಿಸಿಲಲ್ಲಿ. ಕಾರು ನಿಂತ ಮೇಲೂ ಅವಳು ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ. ಡ್ರೈವಿಂಗ್ ಶಾಲೆ ನಡೆಸುತ್ತಿದ್ದ ಭಾವ ಅವಳಿಗೆ ಕಾರು ಕಲಿಸುವಾಗ ‘ಬ್ರೇಕ್ ರಾಣಿ’ ಎಂದು ಹೆಸರಿಟ್ಟಿದ್ದರು. ನಾಯಿ ಕಂಡರೆ ಬ್ರೇಕು, ನಾಯಿಯ ನೆರಳು ಕಂಡರೂ ಬ್ರೇಕು. ‘ನಿಲ್ಲಿಸಿದರೆ ಯಾರಿಗೂ ಏನೂ ಆಗಲ್ಲ ಅಂದ್ಕೊಂಡಿದ್ದೀಯ ನೀನು. ಹಿಂದಿನಿಂದ ಬರೋನು ಬಂದು ಗುದ್ದುತ್ತಾನೆ,’ ಎನ್ನುತ್ತಿದ್ದರು. ಬೇರೆಯವರ ಮೇಲೆ ರೇಗುವ ಹಾಗೆ ಅವಳ ಮೇಲೆ ರೇಗುತ್ತಿರಲಿಲ್ಲ. ಹೆಂಡತಿಯ ತಂಗಿ, ಅದರಲ್ಲೂ ಓದಿದವಳು.

ಫೋನು ಮತ್ತೆ ಗುಂಯ್‌ಗುಟ್ಟಿತು. ಅಕ್ಕ. ‘ಪುಟ್ಟೀ, ಎಲ್ಲಿದ್ದೀಯ? ರಿಪೋರ್ಟ್ ಬಂದಿದೆಯಂತೆ, ಒಳಗೆ ಕರೀತಿದ್ದಾರೆ. ನೀನಿಲ್ಲದೆ ನಾನು ಹೋಗಲ್ಲ.’ ಕೂದಲು ನರೆತ ಮೇಲೂ ಅವಳು ಪುಟ್ಟಿಯೇ. ‘ಬಂದೆ ಕಣೆ, ಬಂದೆ,’ ಎನ್ನುತ್ತಾ ಇಳಿದಳು. ಬೆಳಗ್ಗೆಯಿಂದ ಯಾರ ಮೇಲೆ ಎಂದು ತಿಳಿಯದ ಒಂದು ಸಿಟ್ಟು ಎದೆಯೊಳಗೆ ಓಡಾಡುತ್ತಿತ್ತು. ಹಲ್ಲುಜ್ಜುವಾಗ ಪೇಸ್ಟಿನ ಮುಚ್ಚಳದ ಮೇಲೆ ಇತ್ತು, ದಾರಿಯಲ್ಲಿ ಸಿಗ್ನಲ್ಲಿನ ಮೇಲೆ ಇತ್ತು, ಈಗ ಪುಟ್ಟಿ ಎಂಬ ಪದದ ಮೇಲೆ ಬಂದು ಕೂತಿತು. ಭಾವನ ಹೊಟ್ಟೆಯಿಂದ ತೆಗೆದದ್ದನ್ನು ಚೂರು ಚೂರು ಮಾಡಿ ಸೂಕ್ಷ್ಮದರ್ಶಕದಡಿ ನೋಡಿ ಬರೆದ ವರದಿ ಅದು. ಅದರಲ್ಲಿ ಏನಿರಬೇಕು ಎಂದು ತಾನು ಬಯಸುತ್ತಿದ್ದೇನೆ ಎಂಬುದನ್ನು ಅವಳು ಹಲವು ದಿನಗಳಿಂದ ಯೋಚಿಸದೆ ತಪ್ಪಿಸಿಕೊಂಡಿದ್ದಳು. ಯೋಚಿಸಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ.

ಎಲ್ಲಾ ಶುರುವಾದದ್ದು ಆ ಪತ್ರಿಕೆಯವನಿಂದ. ಹನ್ನೊಂದು ವರ್ಷ ಯಾರಿಗೂ ಬೇಡವಾಗಿದ್ದ ಅವಳ ಕೆಲಸವನ್ನು ಕೇಳಲು ಒಬ್ಬ ಬಂದ. ಪಿತ್ತನಾಳದ ಕ್ಯಾನ್ಸರ್ ಕಳ್ಳನ ಹಾಗೆ ಅಡಗಿರುತ್ತದೆ, ಕಣ್ಣು ಹಳದಿಯಾಗಿ ಮೈ ತುರಿಸುವ ಹೊತ್ತಿಗೆ ಸಾಮಾನ್ಯವಾಗಿ ಹೊತ್ತು ಮೀರಿರುತ್ತದೆ, ಆ ನಾಳದ ಜೀವಕೋಶಗಳು ಕೆಡಲು ಶುರುವಾದಾಗ ಕೆಲವು ಜೀನ್‌ಗಳ ಮೇಲೆ ಗುರುತು ಬೀಳುತ್ತದೆ, ಪಿತ್ತರಸದಲ್ಲಿ ತೇಲುವ ಚೂರುಗಳಲ್ಲಿ ಆ ಗುರುತನ್ನು ಓದಲು ಸಾಧ್ಯವೇ ಎಂದು ನೋಡುತ್ತಿದ್ದೇವೆ ಎಂದು ತಾಳ್ಮೆಯಿಂದ ವಿವರಿಸಿದಳು. ‘ನೋಡುತ್ತಿದ್ದೇವೆ’ ಎಂಬುದನ್ನು ಒತ್ತಿ ಹೇಳಿದಳು. ಮರುವಾರ ಅವಳ ಕಣ್ಣು ಅರ್ಧ ಮುಚ್ಚಿದ ಫೋಟೊದ ಮೇಲೆ ‘ಒಂದೇ ಹನಿ, ಕ್ಯಾನ್ಸರ್ ಪತ್ತೆ!’ ಎಂದು ಅಚ್ಚಾಯಿತು. ಅಂದಿನಿಂದ ನೆಂಟರಿಗೆಲ್ಲ ಒಟ್ಟಿಗೇ ಪಿತ್ತ ಕೆಟ್ಟಿತು. ಹೊಟ್ಟೆ ಉಬ್ಬರಿಸಿದವರು, ಬಾಯಿ ಕಹಿಯಾದವರು, ಗಂಡನ ಸಿಟ್ಟಿಗೆ ಪಿತ್ತವೇ ಕಾರಣವಿರಬಹುದೇ ಎಂದು ಕೇಳಿದವರು, ಎಲ್ಲರೂ ಫೋನು ಮಾಡಿದರು. ಅದಿನ್ನೂ ಪರೀಕ್ಷೆಯ ಪರೀಕ್ಷೆ ಎಂದು ಹೇಳಿದರೆ, ‘ಇವಳಿಗೆ ಯಾವಾಗಲೂ ಹೀಗೇ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾಳೆ,’ ಎಂದು ಅಕ್ಕನೇ ಎಲ್ಲರೆದುರು ನಕ್ಕಿದ್ದಳು. ಆಮೇಲೆ ಭಾವನ ಕಣ್ಣು ನಿಜವಾಗಿಯೂ ಹಳದಿಯಾಯಿತು.

ಸರ್ಜನ್‌ನ ಕೋಣೆಯ ಹೊರಗೆ ಅಕ್ಕ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತಾ ನಿಂತಿದ್ದಳು. ತಂಗಿಯನ್ನು ಕಂಡದ್ದೇ, ‘ಇವತ್ತೂ ಲೇಟಾ?’ ಎಂದಳು. ಇಬ್ಬರೂ ಒಳಗೆ ಹೋದರು. ಸರ್ಜನ್ ಎತ್ತರದ ಮನುಷ್ಯ, ಕೂತಾಗಲೂ ಯಾವುದಕ್ಕೋ ತಲೆ ತಗ್ಗಿಸಿದವರ ಹಾಗೆ ಕಾಣುತ್ತಿದ್ದರು. ಪೀಠಿಕೆ ಹಾಕದೆ, ‘ಕ್ಯಾನ್ಸರ್ ಇಲ್ಲ,’ ಎಂದರು. ಅಕ್ಕನ ಬಾಯಿಂದ ಮಾತಲ್ಲದ ಒಂದು ಶಬ್ದ ಬಂತು. ಮೇಜಿನ ಮೇಲಿದ್ದ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಳತೊಡಗಿದಳು. ಮುಂದಿನ ಮಾತುಗಳು ಅವಳ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ತಂಗಿಯ ಕಿವಿಗೆ ಮಾತ್ರ. ನಾಳದ ಗೋಡೆ ದಪ್ಪವಾಗಿದ್ದು ನಿಜ, ಆದರೆ ಅದು ದೇಹ ತನ್ನ ಮೇಲೆ ತಾನೇ ಮುನಿದುಕೊಂಡು ಎಬ್ಬಿಸಿದ ಒಂದು ಬಗೆಯ ಊತ. ಅಪರೂಪದ್ದು. ಕ್ಯಾನ್ಸರ್‌ನ ವೇಷ ಹಾಕಿಕೊಂಡು ಬರುತ್ತದೆ. ರಕ್ತಪರೀಕ್ಷೆಯಲ್ಲಿ ಸಿಗಬೇಕಿತ್ತು, ಇವರಲ್ಲಿ ಸಿಗಲಿಲ್ಲ, ಕೆಲವರಲ್ಲಿ ಹಾಗಾಗುತ್ತದೆ.

‘ಮಾತ್ರೆಗೆ ಬಗ್ಗುತ್ತಿತ್ತಾ?’ ಎಂದು ಅವಳು ಕೇಳಿದಳು.

ಸರ್ಜನ್ ಅಕ್ಕನ ಕಡೆ ಒಮ್ಮೆ ನೋಡಿದರು. ‘ಹೆಚ್ಚಿನವರಲ್ಲಿ ಬಗ್ಗುತ್ತೆ. ಈಗ ಹಿಂತಿರುಗಿ ನೋಡಿ ಹೇಳೋದು ಸುಲಭ. ಅವತ್ತು ನಮ್ಮ ಕೈಲಿ ಇದ್ದ ಯಾವುದೂ ಹಾಗೆ ಹೇಳಿರಲಿಲ್ಲ.’

ಅವತ್ತು ನಮ್ಮ ಕೈಲಿ ಇದ್ದ ಯಾವುದೂ. ಅವರು ಅದನ್ನು ಚುಚ್ಚಲು ಹೇಳಿದರೋ, ಸಮಾಧಾನಕ್ಕೆ ಹೇಳಿದರೋ? ಬಾಯಿಂದ ಕೊಳವೆ ಇಳಿಸಿ ನಾಳವನ್ನು ಸವರಿ ತೆಗೆದ ಕೋಶಗಳ ವರದಿ ಎರಡು ಸಲವೂ ‘ಖಚಿತವಾಗಿ ಹೇಳಲಾಗದು’ ಎಂದು ಬಂದಾಗ, ಇದೇ ಮನುಷ್ಯ ಕಾರಿಡಾರಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ್ದರು. ಲಿವರಿನ ಒಂದು ಪಾಲನ್ನೇ ತೆಗೆಯಬೇಕಾದ ಆಪರೇಷನ್. ರೋಗವಿದ್ದು ಕಾದರೆ ಕೈ ಮೀರುತ್ತದೆ, ಇಲ್ಲದೆ ಕೊಯ್ದರೆ ಕೊಯ್ದದ್ದೇ ಬಂತು. ‘ಅವರ ಪಿತ್ತ ನಿಮ್ಮಲ್ಲಿಗೂ ಬಂದಿರಬೇಕಲ್ಲ. ಏನಾದ್ರೂ ಹೇಳುತ್ತಾ ನಿಮ್ಮ ಪರೀಕ್ಷೆ? ನಾನು ಎಲ್ಲೂ ಬರೆಯಲ್ಲ. ಸುಮ್ನೆ ಕೇಳ್ತಿದ್ದೀನಿ.’ ಅವಳು ಅವರ ಚಪ್ಪಲಿಯನ್ನು ನೋಡುತ್ತಾ, ‘ಅದಿನ್ನೂ ಸಂಶೋಧನೆಯ ಹಂತದಲ್ಲಿದೆ,’ ಎಂದಿದ್ದಳು. ಅಪ್ಪಟ ಸತ್ಯ. ಆ ವಾಕ್ಯವನ್ನು ಯಾವ ಸಭೆಯಲ್ಲಿ ಹೇಳಿದರೂ ಜನ ತಲೆದೂಗುತ್ತಿದ್ದರು. ಸರ್ಜನ್ ಕೂಡ ತಲೆದೂಗಿದರು. ಅಷ್ಟು ಹೊತ್ತಿಗಾಗಲೇ ಅವಳು ನೋಡಿಯಾಗಿತ್ತು. ಅಧ್ಯಯನಕ್ಕೆ ಬರುವ ಬಾಟಲಿಗಳ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಅವತ್ತು ಬಂದದ್ದು ಒಂದೇ ಬಾಟಲಿ. ಭಾವ ಒಪ್ಪಿಗೆಗೆ ರುಜು ಹಾಕುವಾಗ, ‘ತಗೋ, ನಿನ್ನ ಮೆಷಿನ್ನಿಗೆ ನನ್ನದೂ ಒಂದು ಲೋಟ,’ ಎಂದು ತಮಾಷೆ ಮಾಡಿದ್ದರು. ಉಳಿದ ಬಾಟಲಿಗಳ ಸರದಿ ಬಂದಾಗ ಅದೂ ಯಂತ್ರದೊಳಗೆ ಹೋಯಿತು. ತಾನಾಗಿ ಏನೂ ಮಾಡಲಿಲ್ಲ, ಸರದಿ ಬಂತು ಅಷ್ಟೆ ಎಂದು ಹೇಳಿಕೊಂಡಳು. ಪರದೆಯ ಮೇಲೆ ಆ ಸಂಖ್ಯೆಯ ಎದುರು ರೋಗವಿಲ್ಲದವರ ಗುಂಪಿನ ನಡುಮಧ್ಯದಲ್ಲಿ ಒಂದು ಚುಕ್ಕೆ ಬಿತ್ತು. ಅಂಚಿನಲ್ಲಲ್ಲ, ನಡುಮಧ್ಯದಲ್ಲಿ.

ಹಾಗಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರೆ ಅವಳ ಹತ್ತಿರ ಉತ್ತರಗಳ ರಾಶಿಯೇ ಇತ್ತು. ರೋಗ ಎಳೆಯದಾಗಿರುವಾಗ ಅವಳ ಪರೀಕ್ಷೆ ಹತ್ತರಲ್ಲಿ ಮೂವರನ್ನು ತಪ್ಪಿಸುತ್ತಿತ್ತು, ಇದ್ದರೂ ಇಲ್ಲ ಎನ್ನುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಚುಕ್ಕೆ ಬೀಳುವುದಕ್ಕೆ ಕೆಲವೇ ದಿನ ಮುಂಚೆ ಲೆಕ್ಕದವನು ಅವಳ ಕೋಣೆಗೆ ಬಂದಿದ್ದ. ಅಂಕಿಅಂಶ ನೋಡಿಕೊಳ್ಳುವ ಅವನನ್ನು ಪ್ರಯೋಗಾಲಯದಲ್ಲಿ ಎಲ್ಲರೂ ‘ಆದ್ರೆ’ ಎಂದೇ ಕರೆಯುತ್ತಿದ್ದರು. ಅವನ ಎರಡನೆಯ ವಾಕ್ಯ ಯಾವಾಗಲೂ ಆ ಪದದಿಂದ ಶುರುವಾಗುತ್ತಿತ್ತು. ‘ಮೇಡಂ, ಫಲಿತಾಂಶ ತುಂಬಾ ಚೆನ್ನಾಗಿದೆ. ಆದ್ರೆ, ರೋಗ ಇರೋರ ಬಾಟಲಿಗಳು ಹೆಚ್ಚುಕಮ್ಮಿ ಎಲ್ಲಾ ದೊಡ್ಡಾಸ್ಪತ್ರೆಯಿಂದ ಬಂದವು. ತೆಗೆದ ತಕ್ಷಣ ಐಸಿಗೆ ಹೋದವು. ರೋಗ ಇಲ್ಲದೋರದು ಇನ್ನೊಂದು ಆಸ್ಪತ್ರೆಯಿಂದ ಬಂದವು. ಬೆಳಗ್ಗೆ ತೆಗೆದದ್ದು ಸಾಯಂಕಾಲದವರೆಗೆ ಮೇಜಿನ ಮೇಲೆ ಕೂತಿರುತ್ತೆ. ಕೂತರೆ ಜೀನಿನ ಚೂರುಗಳು ಕೊಳೆಯುತ್ತೆ, ಗುರುತು ಮಸುಕಾಗುತ್ತೆ. ನಾವು ಹಿಡೀತಿರೋದು ರೋಗಾನಾ, ಅಥವಾ ಬಾಟಲಿ ಕಾದ ಹೊತ್ತನ್ನಾ?’ ಹೇಳಿ ಅವನು ಕನ್ನಡಕ ಒರೆಸಿಕೊಂಡ. ಅವಳಿಗೆ ಪಿತ್ತ ನೆತ್ತಿಗೇರಿತು. ಅವನ ಮೇಲಲ್ಲ. ಇಷ್ಟು ವರ್ಷ ಇದನ್ನು ಕೇಳಿಕೊಳ್ಳದ ತನ್ನ ಮೇಲೂ ಅಲ್ಲ, ಅದು ಆಮೇಲೆ ಬಂತು. ಆ ಕ್ಷಣದಲ್ಲಿ ಬಂದದ್ದು ಆ ಕನ್ನಡಕದ ಬಟ್ಟೆಯ ಮೇಲೆ. ಅಷ್ಟು ನಯವಾಗಿ, ಅಷ್ಟು ನಿಧಾನವಾಗಿ ಒರೆಸುತ್ತಿದ್ದ. ಬೆಟ್ಟ ಅಗೆದು ಇಲಿ ಹಿಡಿದವರ ಕಥೆ ಕೇಳಿದ್ದಳು. ಇಲಿಯೂ ಅಲ್ಲ, ಇಲಿಯ ಬಿಲದ ನೆರಳು ಹಿಡಿದವಳು ತಾನೇ ಮೊದಲು. ಇನ್ನು ಭಾವನ ಬಾಟಲಿಯ ಕಥೆ ಕೇಳಿದರೆ ನಗಬೇಕೋ ಅಳಬೇಕೋ. ಅದು ದೊಡ್ಡಾಸ್ಪತ್ರೆಯದೇ, ಆದರೆ ಅವತ್ತು ಗಾಡಿ ಕೆಟ್ಟು ಬಾಟಲಿ ಮಧ್ಯಾಹ್ನವೆಲ್ಲ ಯಾವುದೋ ಕೌಂಟರಿನ ಮೇಲೆ ಬೆಚ್ಚಗೆ ಕೂತಿತ್ತು. ಆ ಚುಕ್ಕೆ ಹೇಳಿದ್ದು ‘ರೋಗ ಇಲ್ಲ’ ಎಂದೋ, ‘ನನ್ನನ್ನು ತುಂಬಾ ಹೊತ್ತು ಕಾಯಿಸಿದಿರಿ’ ಎಂದೋ, ಅವಳಿಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿಯದು. ಉತ್ತರ ಸರಿ. ಲೆಕ್ಕ ಸರಿಯೋ ತಪ್ಪೋ ದೇವರಿಗೂ ಗೊತ್ತಿಲ್ಲ.

ಅಕ್ಕ ಕಾರಿಡಾರಿನಲ್ಲಿ ಓಡುವವಳ ಹಾಗೆ ನಡೆಯುತ್ತಿದ್ದಳು. ಆಪರೇಷನ್ನಿನ ಹಿಂದಿನ ದಿನ ಇದೇ ಕಾರಿಡಾರಿನಲ್ಲಿ, ಇದೇ ನೀರಿನ ಯಂತ್ರದ ಪಕ್ಕ, ಅವಳು ತಂಗಿಯ ಮೊಣಕೈ ಹಿಡಿದು, ‘ನಿನ್ನ ಮೆಷಿನ್ನಲ್ಲಿ ನೋಡಿ ಒಂದು ಮಾತು ಹೇಳೇ. ನಾನು ಯಾರ ಮುಂದೂ ಬಾಯಿ ಬಿಡಲ್ಲ,’ ಎಂದು ಬೇಡಿದ್ದಳು. ‘ಇನ್ನೂ ನೋಡಿಲ್ಲ ಕಣೆ,’ ಎಂದಿದ್ದಳು ಇವಳು. ಸರ್ಜನ್ನಿಗೆ ಹೇಳಿದ್ದು ಸತ್ಯವಾದರೂ ಆಗಿತ್ತು. ಅಕ್ಕನಿಗೆ ಹೇಳಿದ್ದು ಶುದ್ಧ ಸುಳ್ಳು, ಎಳ್ಳಷ್ಟೂ ತಡವರಿಸದೆ ಬಂದ ಸುಳ್ಳು. ಈಗ ಅಕ್ಕ ತಿರುಗಿ ನಿಂತು, ಒದ್ದೆ ಮುಖದಲ್ಲೇ ನಗುತ್ತಾ, ‘ಇನ್ನಾದರೂ ಹೋಗಿ ನೋಡು ಪುಟ್ಟಿ. ನಿನ್ನ ಮೆಷಿನ್ ಸರಿ ಹೇಳುತ್ತಾ ಇಲ್ವಾ ಅಂತ ನಿನಗೂ ಗೊತ್ತಾಗುತ್ತಲ್ಲ,’ ಎಂದಳು. ಕೊಂಕಿಲ್ಲ, ಹಂಗಿಸುವ ಉದ್ದೇಶವಿಲ್ಲ. ಗಂಡ ಉಳಿದ ಸಂತೋಷದಲ್ಲಿ ತಂಗಿಗೂ ಒಂದಿಷ್ಟು ಲಾಭವಾಗಲಿ ಎಂಬ ಆಸೆ. ಬಿಸಿ ತುಪ್ಪ ಗಂಟಲಲ್ಲಿ ನಿಂತವಳ ಹಾಗೆ ಅವಳು, ‘ನೋಡ್ತೀನಿ,’ ಎಂದಳು. ಎಂದ ಮೇಲೆ ಸಿಟ್ಟು ಬಂತು, ಈ ಸಲ ಅಕ್ಕನ ಮೇಲೆಯೇ. ಇಷ್ಟು ಸುಲಭವಾಗಿ ನಂಬುವವರ ಮುಂದೆ ಬದುಕುವುದು ಎಷ್ಟು ಕಷ್ಟ. ಒಂದು ಸಲ, ಒಂದೇ ಒಂದು ಸಲ, ಅನುಮಾನದಿಂದ ಮುಖ ನೋಡಬಾರದಿತ್ತೇ?

ಭಾವ ದಿಂಬಿಗೆ ಒರಗಿ ಕೂತಿದ್ದರು. ಕುತ್ತಿಗೆಯ ಸುತ್ತ ಚರ್ಮ ಸಡಿಲಾಗಿ ಯಾರದೋ ದೊಡ್ಡ ಅಂಗಿ ತೊಟ್ಟ ಹಾಗೆ ಕಾಣುತ್ತಿತ್ತು. ಹೊಟ್ಟೆಯ ಪಕ್ಕದಿಂದ ಹೊರಟ ಕೊಳವೆಯೊಂದು ಮಂಚದ ಕೆಳಗಿನ ಚೀಲಕ್ಕೆ ಹಸಿರು ಮಿಶ್ರಿತ ಹಳದಿ ನೀರನ್ನು ಇಳಿಸುತ್ತಿತ್ತು. ಅಕ್ಕ ಬಾಗಿಲಿನಿಂದಲೇ, ‘ಏನೂ ಇಲ್ವಂತೆ ರೀ. ಆ ಕಾಯಿಲೆ ಅಲ್ವೇ ಅಲ್ವಂತೆ,’ ಎಂದು ಹೇಳಿ ಅವರ ಕಾಲ ಬಳಿ ಕೂತು ಮತ್ತೆ ಅತ್ತಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು, ‘ಸರಿ ಸರಿ,’ ಎಂದರು. ಸ್ವಲ್ಪ ಹೊತ್ತಿಗೆ ಅಕ್ಕನಿಗೆ ಊರಿಗೆಲ್ಲ ತಿಳಿಸಬೇಕೆಂಬುದು ನೆನಪಾಯಿತು. ಫೋನು ಹಿಡಿದು ಹೊರಗೆ ಹೋದಳು. ಅವಳ ದನಿ ಬಾಗಿಲಿನಾಚೆ ಏರುತ್ತಾ ಇಳಿಯುತ್ತಾ ಕೇಳುತ್ತಿತ್ತು.

‘ಅಂದ್ರೆ ಸುಮ್ನೆ ಕೊಯ್ದರು,’ ಎಂದರು ಭಾವ. ಸೂರು ನೋಡುತ್ತಿದ್ದರು.

‘ಸುಮ್ನೆ ಅಂತಲ್ಲ ಭಾವ. ನಾಳ ಕಟ್ಟಿಕೊಂಡಿತ್ತಲ್ಲ.’

‘ಮಾತ್ರೆಗೆ ಹೋಗ್ತಿತ್ತಾ?’

ಅವಳು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿದರು. ‘ಬಹುಶಃ,’ ಎಂದಳು. ಆ ಪದ ಕೋಣೆಯಲ್ಲಿ ನಿಂತಿತು. ಎಷ್ಟು ವರ್ಷದಿಂದ ಈ ಬಹುಶಃ ಎಂಬ ಕಂಬಕ್ಕೆ ಒರಗಿಕೊಂಡೇ ನಿಂತಿದ್ದೇನೆ, ಎನ್ನಿಸಿತು. ಲೇಖನಗಳಲ್ಲಿ ಬಹುಶಃ, ಸಭೆಗಳಲ್ಲಿ ಬಹುಶಃ. ಅದು ವಿನಯ ಎಂದು ಜನ ತಿಳಿಯುತ್ತಿದ್ದರು. ಕೊಳವೆಯಲ್ಲಿ ಒಂದು ಗುಳ್ಳೆ ನಿಧಾನವಾಗಿ ಕೆಳಗಿಳಿಯಿತು. ಮಂಚದ ಪಕ್ಕದ ಸ್ಟೂಲು ಒಂದು ಕಾಲು ಗಿಡ್ಡ, ಕೂತಲ್ಲಿ ಅಲುಗುತ್ತಿತ್ತು. ಎದ್ದು ನಿಂತಳು. ನಿಂತರೆ ಏನು ಮಾಡಬೇಕೆಂದು ತೋಚದೆ ಮತ್ತೆ ಕೂತಳು.

‘ಭಾವ, ನಾನು ನೋಡಿದ್ದೆ.’

‘ಏನನ್ನ?’

‘ನಿಮ್ಮ ಪಿತ್ತ. ಆಪರೇಷನ್ನಿಗೆ ಮುಂಚೇನೇ. ರೋಗ ಇಲ್ಲ ಅಂತ ಬಂದಿತ್ತು.’

ಅವರು ಸೂರಿನಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದರು. ಅವಳು ಒಂದೇ ಉಸಿರಿಗೆ ಉಳಿದದ್ದನ್ನು ಹೇಳತೊಡಗಿದಳು. ಹತ್ತರಲ್ಲಿ ಮೂರು ತಪ್ಪುವುದನ್ನು, ಎರಡು ಆಸ್ಪತ್ರೆಗಳ ಬಾಟಲಿಗಳನ್ನು, ‘ಆದ್ರೆ’ ಹೇಳಿದ್ದನ್ನು, ಕೆಟ್ಟ ಗಾಡಿಯನ್ನು, ಕೌಂಟರನ್ನು. ಹೇಳುತ್ತಾ ಹೋದಂತೆ ತನ್ನ ವಾದ ಎಷ್ಟು ಗಟ್ಟಿಯಾಗಿದೆ ಎಂದು ಅವಳಿಗೇ ಆಶ್ಚರ್ಯವಾಯಿತು. ಎಲ್ಲೂ ಬಿರುಕಿಲ್ಲ. ಯಾವ ಸಮಿತಿಯೂ ಅವಳನ್ನು ತಪ್ಪಿತಸ್ಥಳೆನ್ನದು. ಹೇಳಿದ್ದರೆ ಅದೇ ಅಪರಾಧವಾಗುತ್ತಿತ್ತು. ಭಾವ ನಡುವೆ ಬಾಯಿ ಹಾಕದೆ ಕೇಳಿದರು. ಮುಗಿದ ಮೇಲೆ ಕೇಳಿದರು:

‘ಇದೆ ಅಂತ ಬಂದಿದ್ರೆ ಹೇಳ್ತಿದ್ಯಾ?’

ಅವಳು ಬಾಗಿಲ ಕಡೆ ನೋಡಿದಳು. ಅಕ್ಕ ಯಾರಿಗೋ, ‘ಹೂಂ, ಪುಟ್ಟೀನೂ ಇಲ್ಲೇ ಇದ್ದಾಳೆ,’ ಎನ್ನುತ್ತಿದ್ದಳು. ಈ ಪ್ರಶ್ನೆಯನ್ನು ಲೆಕ್ಕದವನು ಕೇಳಿರಲಿಲ್ಲ, ಸರ್ಜನ್ ಕೇಳಿರಲಿಲ್ಲ, ಅವಳೂ ತನ್ನನ್ನು ಕೇಳಿಕೊಳ್ಳದೆ ಎಲ್ಲಾ ಕಡೆಯಿಂದಲೂ ಬಳಸಿಕೊಂಡು ಹೋಗಿದ್ದಳು. ಬಾಟಲಿ ಎಷ್ಟು ಹೊತ್ತು ಕಾದಿದ್ದರೂ, ಪರೀಕ್ಷೆ ಎಷ್ಟು ಹಸಿಯಾಗಿದ್ದರೂ, ಆ ಚುಕ್ಕೆ ಇನ್ನೊಂದು ಗುಂಪಿನಲ್ಲಿ ಬಿದ್ದಿದ್ದರೆ ಅವಳು ಅದೇ ಸಂಜೆ ಕಾರು ಹತ್ತಿ ಬಂದು ಸರ್ಜನ್ನಿನ ಬಾಗಿಲು ತಟ್ಟುತ್ತಿದ್ದಳು. ಬೇಗ ಮಾಡಿ ಎನ್ನುತ್ತಿದ್ದಳು. ಕೊಯ್ಯಿರಿ ಎನ್ನಲು ಅವಳಿಗೆ ಯಾವ ಪುರಾವೆಯೂ ಬೇಕಿರಲಿಲ್ಲ. ತಾಳಿ ಎನ್ನಲು ಮಾತ್ರ ಬೇಕಿತ್ತು, ಯಾಕೆಂದರೆ ತಾಳಿ ಎಂದು, ಆಮೇಲೆ ಅವರು ಸತ್ತರೆ, ಅದು ಅವಳ ತಲೆಗೆ ಬರುತ್ತಿತ್ತು.

‘ಹೇಳ್ತಿದ್ದೆ,’ ಎಂದಳು.

ಭಾವ ರೇಗುತ್ತಾರೆ ಎಂದುಕೊಂಡಳು, ರೇಗಲಿ ಎಂದು ಬಯಸಿದಳು. ಡ್ರೈವಿಂಗ್ ಕಲಿಯಲು ಬಂದ ದೊಡ್ಡ ದೊಡ್ಡ ಗಂಡಸರನ್ನು ನಡುರಸ್ತೆಯಲ್ಲಿ ಇಳಿಸಿ ಬೈಯುತ್ತಿದ್ದ ಮನುಷ್ಯ. ಈಗ ಅವರಲ್ಲಿ ಅಷ್ಟು ಉಸಿರಿರಲಿಲ್ಲ, ಅಥವಾ ಇದ್ದ ಉಸಿರನ್ನು ಇದಕ್ಕೆ ಖರ್ಚು ಮಾಡಲು ಮನಸ್ಸಿರಲಿಲ್ಲ. ಕೈ ಚಾಚಿ ಮಂಚದ ಕೆಳಗಿನ ಚೀಲವನ್ನು ತೋರಿಸಿದರು.

‘ಅದರಲ್ಲಿರೋದೂ ಪಿತ್ತಾನೇ ಅಲ್ವಾ? ತಗೊಂಡು ಹೋಗು. ಈ ಸಲ ಕೌಂಟರಿನ ಮೇಲೆ ಬಿಡಬೇಡ. ಸರಿಯಾಗಿ ನೋಡು. ನಿನ್ನ ಮೆಷಿನ್ ಅವತ್ತು ನಿಜ ಹೇಳಿತ್ತಾ, ಕಣ್ಣುಮುಚ್ಚಿ ಹೇಳಿತ್ತಾ, ನನಗೂ ಗೊತ್ತಾಗಬೇಕು.’

ಅವಳು ಬಗ್ಗಿ ಚೀಲವನ್ನು ನೋಡಿದಳು. ಬೆಚ್ಚಗಿರಬೇಕು ಅದು. ಒಂದು ಬಾಟಲಿಗೆ ಬಸಿದುಕೊಂಡು, ಐಸಿನ ಮೇಲಿಟ್ಟುಕೊಂಡು ಹೋಗುವುದು ಎಷ್ಟು ಸಲೀಸು. ‘ಆಗಲಿ ಭಾವ’ ಎಂದರೆ ಸಾಕು, ಅವರ ಕೈಗೆ ಹಿಡಿದುಕೊಳ್ಳಲು ಏನೋ ಸಿಕ್ಕ ಹಾಗಾಗುತ್ತದೆ, ತನಗೂ ಕೋಣೆಯಿಂದ ಹೊರಹೋಗಲು ಒಂದು ಕೆಲಸ. ಕೆಲವು ವಾರ ಕಳೆದ ಮೇಲೆ ಯಾವುದೋ ಸಂಖ್ಯೆ ಹೇಳಬಹುದು. ಅಷ್ಟರಲ್ಲಿ ಅವರು ಮನೆಗೆ ಹೋಗಿರುತ್ತಾರೆ, ಅಂಗಳದಲ್ಲಿ ನಡೆದಾಡುತ್ತಿರುತ್ತಾರೆ, ಮರೆತರೂ ಮರೆತಾರು.

‘ಇದರಿಂದ ಏನೂ ಗೊತ್ತಾಗಲ್ಲ,’ ಎಂದಳು. ‘ಇದು ಉಳಿದ ಲಿವರಿನದು. ಕೆಟ್ಟಿದ್ದ ನಾಳ ಈಗ ನಿಮ್ಮೊಳಗೆ ಇಲ್ಲ.’

‘ಮುಂಚೆ ಕೊಟ್ಟಿದ್ದು?’

‘ಅದು ಆಗಲೇ ಕಾದು ಕಾದು ಹಾಳಾಗಿತ್ತಲ್ಲ. ಇನ್ನೊಂದು ಸಲ ನೋಡಿದರೂ ಅಷ್ಟೆ.’

‘ಹಾಗಾದ್ರೆ ಯಾವತ್ತೂ ಗೊತ್ತಾಗಲ್ಲ.’

‘ಇಲ್ಲ ಭಾವ.’

ಅವರು ಕೈ ಹಿಂದಕ್ಕೆ ತೆಗೆದುಕೊಂಡು ಹೊದಿಕೆಯ ಮೇಲೆ ಇಟ್ಟುಕೊಂಡರು. ‘ಇದೊಂದನ್ನಾದರೂ ಕೇಳಿದ ಕೂಡಲೇ ಹೇಳಿದೆ,’ ಎಂದರು. ದನಿಯಲ್ಲಿ ನಗುವಿತ್ತೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಸಿಟ್ಟೂ ಇರಲಿಲ್ಲ. ತುಂಬಾ ದೂರದ ಪ್ರಯಾಣ ಹೊರಟವರು ಸಾಮಾನಿನ ತೂಕ ನೋಡುವ ಹಾಗೆ, ಇದನ್ನು ಇನ್ನು ಹೊತ್ತುಕೊಂಡೇ ನಡೆಯಬೇಕಲ್ಲ ಎಂಬ ಬೇಸರ ಮಾತ್ರ ಇತ್ತು.

ಬಾಗಿಲು ತೆರೆಯಿತು. ಅಕ್ಕ ಮುಖವೆಲ್ಲ ಅರಳಿಸಿಕೊಂಡು ಬಂದು ಫೋನನ್ನು ತಂಗಿಯ ಕೈಗೆ ತುರುಕಿದಳು. ‘ಚಿಕ್ಕಮ್ಮ. ನಾನು ಹೇಳಿದರೆ ನಂಬ್ತಿಲ್ಲ. ಡಾಕ್ಟರ್ ಬಾಯಿಂದಾನೇ ಕೇಳಬೇಕಂತೆ.’ ಅವಳು ಫೋನನ್ನು ಕಿವಿಗೆ ಹಿಡಿದಳು. ಆ ಕಡೆಯಿಂದ ಕಿವುಡರು ಮಾತಾಡುವಷ್ಟು ಜೋರಾಗಿ, ‘ಪುಟ್ಟೀ, ಒಳ್ಳೇ ಸುದ್ದೀನೇನೇ? ನಿಜವಾಗ್ಲೂ?’ ಎಂಬ ದನಿ ಬಂತು. ಬಾಯಿ ತೆರೆದಳು. ಆ ಕಡೆ, ‘ಹಲೋ? ಹಲೋ?’ ಎನ್ನುತ್ತಿದ್ದರು. ಅಕ್ಕನ ಮುಖದ ನಗು ನಿಧಾನವಾಗಿ ಪ್ರಶ್ನೆಯಾಗತೊಡಗಿತು. ಅವಳು ಭಾವನ ಕಡೆ ನೋಡಿದಳು. ಅವರು ಮತ್ತೆ ಸೂರು ನೋಡುತ್ತಿದ್ದರು.

‘ಹೂಂ ಅನ್ನು,’ ಎಂದರು ಭಾವ.

‘ಹೂಂ,’ ಎಂದಳು.